ಎಂ.ವಿ. ಕಂಡ ಕಾರಿನ ಕನಸು ಮತ್ತು ಕೊಂಡವರ ಹಕ್ಕು

ಹೊಸ ವಾಹನ ಮನೆಗೆ ಬಂದ ದಿನ ಅದರ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆದು, ಗಾಡಿಯನ್ನು ನಾಲ್ಕು ಹೆಜ್ಜೆ ಮುಂದೆ ಸರಿಸುವುದು ಬೀದರ ಸಮೀಪದ ಕಮಠಾಣದಿಂದ ಹಿಡಿದು ಬೆಂಗಳೂರಿನ ಬಡಾವಣೆಗಳವರೆಗೆ ರೂಢಿಯಲ್ಲಿರುವ ಸಂಪ್ರದಾಯ. ಹಣ್ಣು ಚಪ್ಪಟೆಯಾದರೆ ಕೆಟ್ಟ ದೃಷ್ಟಿ ಕಳೆಯಿತು, ಇನ್ನು ದಾರಿಯಲ್ಲಿ ಅಪಾಯವಿಲ್ಲ ಎಂಬುದು ನಂಬಿಕೆ. ಅಮೆರಿಕದಲ್ಲಿ ಇದೇ ನಿಂಬೆಹಣ್ಣಿಗೆ ಬೇರೊಂದು ಅರ್ಥವಿದೆ. ಎಷ್ಟು ಸಲ ದುರಸ್ತಿ ಮಾಡಿಸಿದರೂ ಸರಿಹೋಗದ ಹೊಸ ಕಾರನ್ನು ಅಲ್ಲಿನ ಆಡುಮಾತಿನಲ್ಲಿ ನಿಂಬೆಹಣ್ಣು ಎನ್ನುತ್ತಾರೆ. ಅಂಥ ಕಾರು ಕೊಂಡು ಕೈಸುಟ್ಟುಕೊಂಡವನಿಗೆ ಹಣವನ್ನಾಗಲಿ ಬದಲಿ ಕಾರನ್ನಾಗಲಿ ಕೊಡಿಸುವ ಶಾಸನಗಳಿಗೆ ನಿಂಬೆ ಕಾನೂನು ಎಂದೇ ಹೆಸರು. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಅಂಥ ಕಾನೂನು ಮಾಡಿತು; ಕ್ರಮೇಣ ಅಲ್ಲಿನ ಎಲ್ಲ ರಾಜ್ಯಗಳೂ ಅದೇ ದಾರಿ ಹಿಡಿದವು. ನಮ್ಮಲ್ಲಿ ಗಾಲಿಯ ಕೆಳಗಿನ ನಿಂಬೆ ಇದೆ. ಕಾನೂನಿನ ಪುಸ್ತಕದ ನಿಂಬೆ ಇನ್ನೂ ಬಂದಿಲ್ಲ.

ಈ ಕೊರತೆಯನ್ನು ಯೋಚಿಸುವಾಗ ನೆನಪಿಗೆ ಬರುವವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು ಹಟ ಹಿಡಿದು ವರ್ಷಗಟ್ಟಲೆ ಶ್ರಮಿಸಿದ ಕನ್ನಡಿಗ ಅವರು. ಕನ್ನಂಬಾಡಿ ಕಟ್ಟಿದ ಎಂ.ವಿ. ಎಲ್ಲರಿಗೂ ಗೊತ್ತು, ಕಾರಿನ ಕಾರ್ಖಾನೆಗಾಗಿ ಬಾಗಿಲಿಂದ ಬಾಗಿಲಿಗೆ ಅಲೆದ ಎಂ.ವಿ. ಅಷ್ಟಾಗಿ ಗೊತ್ತಿಲ್ಲ. ಅವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಅದಕ್ಕೆ ಸರಿಸುಮಾರು ಒಂದು ತಿಂಗಳ ಹಿಂದೆ, ಮಾರ್ಚ್ 15ರಂದು, ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅಲ್ಲಿನ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಗ್ರಾಹಕನಿಗೆ ಸುರಕ್ಷತೆಯ, ತಿಳಿವಳಿಕೆಯ, ಆಯ್ಕೆಯ ಮತ್ತು ಅಹವಾಲು ಹೇಳಿಕೊಳ್ಳುವ ಹಕ್ಕುಗಳಿವೆಯೆಂದು ಸಾರಿದ್ದರು. ಕಾರು ಕಟ್ಟುವ ಕನಸು ಕಂಡವರ ಬದುಕು ಮುಗಿಯುವ ಹೊತ್ತಿಗೆ ಕಾರು ಕೊಂಡವನ ಹಕ್ಕಿನ ಮಾತು ಜಗತ್ತಿನಲ್ಲಿ ಶುರುವಾಗಿತ್ತು. ಇದು ಕಾಕತಾಳೀಯವೇ ಇರಬಹುದು. ಆದರೆ ಈ ಎರಡು ಸಂಗತಿಗಳ ನಡುವೆ ನಮ್ಮ ದೇಶ ನಡೆದ ದೂರವನ್ನು ಅಳೆಯಲು ಎಂ.ವಿ.ಯವರ ಬದುಕು ಒಳ್ಳೆಯ ಅಳತೆಗೋಲು.

1860ರ ದಶಕದ ಆರಂಭದಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಇಂಜಿನಿಯರ್ ಆದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರಿನ ಯೋಜನೆ ರೂಪಿಸುವಾಗ, ನೀರು ಸೋಸುವ ದುಬಾರಿ ತೊಟ್ಟಿಗಳಿಗೆ ಪುರಸಭೆಯಲ್ಲಿ ಹಣವಿಲ್ಲವೆಂದು ತಿಳಿದು, ನದಿಯ ಪಾತ್ರದಲ್ಲೇ ಬಾವಿ ತೋಡಿಸಿ ಮರಳಿನಿಂದಲೇ ನೀರು ಸೋಸಿ ಬರುವಂತೆ ಮಾಡಿದರು. ಇದ್ದ ದುಡ್ಡಿನಲ್ಲಿ ಶುದ್ಧ ನೀರು ಕೊಡುವುದು ಹೇಗೆಂಬುದು ಅವರ ಪ್ರಶ್ನೆಯಾಗಿತ್ತು. ದುಡ್ಡಿಲ್ಲದ ಊರಿಗೆ ಕೊಳಕು ನೀರು ಸಾಕೆಂಬ ವಾದ ಅವರ ತಲೆಯೊಳಗೆ ಸುಳಿಯಲಿಲ್ಲ.

ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಇಂಜಿನಿಯರಿಂಗ್ ಇತಿಹಾಸದಲ್ಲಿ ಹೆಸರು ಮಾಡಿದವು. ನೀರು ನಿಗದಿತ ಮಟ್ಟ ಮೀರಿದೊಡನೆ ಬಾಗಿಲು ತಾನಾಗಿ ತೆರೆಯುತ್ತಿತ್ತು; ಮಟ್ಟ ಇಳಿದಾಗ ತಾನಾಗಿ ಮುಚ್ಚುತ್ತಿತ್ತು. ಅಪರಾತ್ರಿಯಲ್ಲಿ ಪ್ರವಾಹ ಬಂದರೆ ಕಾವಲುಗಾರ ಎದ್ದಿದ್ದಾನೆಯೇ ಇಲ್ಲವೇ ಎಂಬುದರ ಮೇಲೆ ಅಣೆಕಟ್ಟಿನ ಅಳಿವು ಉಳಿವು ನಿಲ್ಲಬಾರದು, ಕ್ಷೇಮವೆಂಬುದು ವಸ್ತುವಿನ ವಿನ್ಯಾಸದಲ್ಲೇ ಇರಬೇಕು ಎಂಬ ವಿಚಾರ ಆ ಬಾಗಿಲುಗಳಲ್ಲಿ ಅಡಗಿತ್ತು. ಇಂದು ಕಾರಿನ ಬ್ರೇಕು, ಏರ್‌ಬ್ಯಾಗು, ಸೀಟುಪಟ್ಟಿಗಳ ಬಗ್ಗೆ ಸುರಕ್ಷತಾ ತಜ್ಞರು ಹೇಳುತ್ತಿರುವುದೂ ಇದನ್ನೇ. ಚಾಲಕ ತಪ್ಪು ಮಾಡಬಹುದು; ಯಂತ್ರ ಆ ತಪ್ಪಿಗೆ ಪ್ರಾಣವನ್ನೇ ಬೆಲೆಯಾಗಿ ಕೇಳಬಾರದು.

ಬೀದರಿನವರಿಗೆ ಎಂ.ವಿ. ಹೊರಗಿನವರಲ್ಲ. ಆಗ ಬೀದರ, ಭಾಲ್ಕಿ, ಔರಾದ ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ರಾಜಧಾನಿಯನ್ನು ಕೊಚ್ಚಿಹಾಕಿತು. ಸಾವಿರಾರು ಜನ ಸತ್ತರು. ಮುಂಬಯಿ ಸರ್ಕಾರದ ಸೇವೆಯಿಂದ ಆಗತಾನೆ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ 1909ರಲ್ಲಿ ಕರೆಸಿಕೊಂಡಿತು. ನದಿಗೆ ಗೋಡೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಳೆಯ ದಾಖಲೆಗಳನ್ನು ತರಿಸಿದರು, ನದಿಯ ಜಲಾನಯನ ಪ್ರದೇಶವನ್ನು ಪರಿಶೀಲಿಸಿದರು, ಮೇಲುಭಾಗದ ಕೆರೆಗಳು ಒಂದರ ಹಿಂದೊಂದು ಒಡೆದು ಹೊಳೆಯ ರಭಸ ಹೇಗೆ ಹೆಚ್ಚಿತೆಂಬುದನ್ನು ಲೆಕ್ಕ ಹಾಕಿದರು. ನಗರದ ಮೇಲುಭಾಗದಲ್ಲಿ ಪ್ರವಾಹ ತಡೆಯುವ ಜಲಾಶಯಗಳು ಬೇಕೆಂದು ಸಲಹೆ ಕೊಟ್ಟರು. ಮುಂದೆ ಅಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಅನಾಹುತವಾದ ಮೇಲೆ ದೈವವನ್ನು ದೂರುವ ಬದಲು ದೋಷವೆಲ್ಲಿದೆ ಎಂದು ಹುಡುಕುವ, ಹುಡುಕಿದ್ದನ್ನು ಬರೆದಿಡುವ, ಮತ್ತೆ ಹಾಗಾಗದಂತೆ ಕಟ್ಟುವ ಈ ಕ್ರಮವೇ ಅವರ ಬದುಕಿನ ಮುಖ್ಯ ಪಾಠ ಎನ್ನಬಹುದು.

ಅವರು ರಾತ್ರಿ ರೈಲಿನಲ್ಲಿ ಹೋಗುತ್ತಿದ್ದಾಗ ಹಳಿಯ ಸದ್ದಿನ ವ್ಯತ್ಯಾಸದಿಂದಲೇ ಮುಂದೆ ಬಿರುಕಿದೆಯೆಂದು ಊಹಿಸಿ ಸರಪಳಿ ಎಳೆದು ಗಾಡಿ ನಿಲ್ಲಿಸಿದರೆಂಬ ಕಥೆ ಕನ್ನಡದ ಶಾಲಾಮಕ್ಕಳಿಗೆಲ್ಲ ಗೊತ್ತು. ಅದನ್ನು ದಂತಕಥೆಯೆಂದೇ ಇಟ್ಟುಕೊಳ್ಳೋಣ. ಆದರೆ ಒಂದು ನಾಡು ತನ್ನ ಇಂಜಿನಿಯರನ ಬಗ್ಗೆ ಯಾವ ಕಥೆ ಕಟ್ಟಿಕೊಳ್ಳುತ್ತದೆ ಎಂಬುದಕ್ಕೂ ಅರ್ಥವಿದೆ. ಅಪಾಯ ತಿಳಿದೊಡನೆ ಓಡುತ್ತಿರುವುದನ್ನು ನಿಲ್ಲಿಸುವವನೇ ದೊಡ್ಡವನು ಎಂದು ಜನ ಭಾವಿಸಿದರು. ಮಾರಿದ ಕಾರಿನಲ್ಲಿ ದೋಷ ಕಂಡುಬಂದಾಗ ತಯಾರಕನೇ ಅದನ್ನು ವಾಪಸು ಕರೆಸಿ, ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುವ ಪದ್ಧತಿಯ ತಿರುಳೂ ಇಷ್ಟೇ.

1909ರ ಕೊನೆಯಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರಲ್ಲಿ ದಿವಾನರು. ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ಕೃಷ್ಣರಾಜಸಾಗರ ಇವೆಲ್ಲ ಅನೇಕ ಸಲ ಹೇಳಿರುವ ಸಂಗತಿಗಳು. ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಗಳಲ್ಲಿ ಪಾಲು ಕೊಡುವ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು 1918ರಲ್ಲಿ ಅವರು ಹುದ್ದೆ ಬಿಟ್ಟರು. ಆ ಪ್ರಶ್ನೆಯಲ್ಲಿ ಇತಿಹಾಸ ಮಹಾರಾಜರ ಪರವಾಗಿ ನಿಂತಿತೆಂಬುದನ್ನು ಎಂ.ವಿ.ಯವರ ಅಭಿಮಾನಿಗಳೂ ಒಪ್ಪಬೇಕು. ಅವರ ಬುದ್ಧಿ ದಕ್ಷತೆಯನ್ನು ಬೇಗ ಕಾಣುತ್ತಿತ್ತು, ಬಾಗಿಲ ಹೊರಗೆ ನಿಂತವನ ಅಹವಾಲನ್ನು ತಡವಾಗಿ ಕಾಣುತ್ತಿತ್ತು. ಈ ಮಾತಿಗೆ ಮತ್ತೆ ಬರಬೇಕಾಗುತ್ತದೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪ್ರಸಂಗವನ್ನು ಮಾತ್ರ ಬಿಡುವಂತಿಲ್ಲ. ಅವರ ಕಾಲದಲ್ಲಿ ಕೈಗೆತ್ತಿಕೊಂಡ ಈ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸುವ ಹೊತ್ತಿಗೆ ಯುದ್ಧಕಾಲದ ಕಬ್ಬಿಣದ ಬೆಲೆ ಇಳಿದುಹೋಗಿತ್ತು. ನಷ್ಟದ ಮಾತು, ಟೀಕೆ ಎರಡೂ ಕೇಳಿಬಂದವು. ದಿವಾನಗಿರಿ ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯ, ಅದು ಹಿಂದಿನವರ ವಿಷಯವೆಂದು ಸುಮ್ಮನಿರಬಹುದಿತ್ತು. ಆದರೆ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡು 1929ರವರೆಗೆ ದುಡಿದು ಕಾರ್ಖಾನೆಯನ್ನು ಹಳಿಗೆ ತಂದರು. ತಾನು ಹುಟ್ಟುಹಾಕಿದ್ದರಲ್ಲಿ ಲೋಪ ಕಂಡಾಗ ತಾನೇ ಹಿಂತಿರುಗಿ ಬಂದು ಸರಿಪಡಿಸಿದ ಈ ನಡತೆಯನ್ನು ನಮ್ಮ ಉದ್ಯಮಿಗಳು ಇನ್ನಷ್ಟು ಓದಬೇಕಿತ್ತು.

ಇನ್ನು ಕಾರಿನ ವಿಷಯ. 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದ ಎಂ.ವಿ., ಮರುವರ್ಷ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಸುತ್ತಿದರು. ಡೆಟ್ರಾಯಿಟ್‌ನಲ್ಲಿ ಕಾರುಗಳು ಸಾಲಾಗಿ ಹೊರಬರುವುದನ್ನು ಕಂಡು ಬಂದು ವಿವರವಾದ ಯೋಜನೆ ಸಿದ್ಧಪಡಿಸಿದರು. ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮುಂಬಯಿಯ ಬಿ.ಜಿ. ಖೇರ್ ಮಂತ್ರಿಮಂಡಲ ನೆರವಿನ ಭರವಸೆ ಕೊಟ್ಟಿತು. ಆದರೆ 1939ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಆಮೇಲೆ ಮೈಸೂರಿನತ್ತ ತಿರುಗಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಉತ್ಸುಕರಾಗಿದ್ದರು. ಆದರೆ ಬ್ರಿಟಿಷ್ ಭಾರತ ಸರ್ಕಾರ ಯುದ್ಧದ ನೆಪ ಮುಂದಿಟ್ಟು ಅಡ್ಡ ಬಂದಿತು. 1940ರ ಕೊನೆಯಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು. ಕಾರಿನ ಕಾರ್ಖಾನೆ ಬರಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಹಳೆಯ ಮೈಸೂರಿನ ನೆಲದ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಉತ್ಪಾದನೆ ಆರಂಭಿಸಿದ್ದು 1999ರಲ್ಲಿ.

ಎಂ.ವಿ. ಡೆಟ್ರಾಯಿಟ್ ನೋಡುವುದಕ್ಕೆ ಮೊದಲೇ ಅಮೆರಿಕದಲ್ಲಿ ಕಾರಿನ ಹೊಣೆಗಾರಿಕೆಯ ಬಗ್ಗೆ ಒಂದು ದೊಡ್ಡ ತೀರ್ಪು ಬಂದಿತ್ತು. ಕಲ್ಲುಕುಟಿಗನೊಬ್ಬ ಕೊಂಡ ಬ್ಯೂಕ್ ಕಾರಿನ ಮರದ ಗಾಲಿ ಮುರಿದು ಆತ ಗಾಯಗೊಂಡಿದ್ದ. ಕಾರು ಮಾರಿದ್ದು ವ್ಯಾಪಾರಿ, ಗಾಲಿ ಮಾಡಿದ್ದು ಇನ್ನೊಂದು ಕಂಪೆನಿ, ತನಗೂ ಕೊಂಡವನಿಗೂ ಯಾವ ಕರಾರೂ ಇಲ್ಲ ಎಂದು ತಯಾರಕ ವಾದಿಸಿದ. 1916ರಲ್ಲಿ ನ್ಯೂಯಾರ್ಕಿನ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಆ ವಾದವನ್ನು ತಳ್ಳಿಹಾಕಿ, ಅಜಾಗರೂಕತೆಯಿಂದ ಮಾಡಿದ ವಸ್ತು ಪ್ರಾಣಕ್ಕೆ ಎರವಾಗುವಂತಿದ್ದರೆ ಅದನ್ನು ಬಳಸುವವನಿಗೆ ತಯಾರಕನೇ ಹೊಣೆ ಎಂದು ಹೇಳಿದರು. ಎಂ.ವಿ.ಯವರ ಬರಹಗಳಲ್ಲಿ ಬಂಡವಾಳ, ತಾಂತ್ರಿಕ ಶಿಕ್ಷಣ, ಶಿಸ್ತು, ಉತ್ಪಾದನೆಯ ಅಂಕಿ ಇವು ತುಂಬಿವೆ. ಆ ಕಲ್ಲುಕುಟಿಗನಂಥವನಿಗೆ ಅಷ್ಟು ಜಾಗವಿಲ್ಲ. 1941ರಲ್ಲಿ ಅವರು ಅಖಿಲ ಭಾರತ ತಯಾರಕರ ಸಂಸ್ಥೆಯನ್ನು ಕಟ್ಟಿದರು. ಬಳಕೆದಾರರ ಸಂಘಟನೆ, ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ, ಮುಂಬಯಿಯಲ್ಲಿ ಹುಟ್ಟಿದ್ದು 1966ರಲ್ಲಿ. ಇದಕ್ಕಾಗಿ ಅವರೊಬ್ಬರನ್ನು ದೂರುವುದು ನ್ಯಾಯವಲ್ಲ. ಸೂಜಿಯೂ ಹೊರದೇಶದಿಂದ ಬರುತ್ತಿದ್ದ ಕಾಲದಲ್ಲಿ ಏನಾದರೂ ತಯಾರಾಗಲಿ ಎಂಬುದೇ ದೇಶಭಕ್ತಿಯಾಗಿತ್ತು. ತಯಾರಾದದ್ದು ಹೇಗಿದೆ ಎಂದು ಕೇಳುವುದು ಎರಡನೆಯ ಮಾತು.

ತೊಂದರೆಯೆಂದರೆ ಸ್ವಾತಂತ್ರ್ಯ ಬಂದ ಮೇಲೂ ನಾವು ಆ ಎರಡನೆಯ ಮಾತಿಗೆ ದಶಕಗಟ್ಟಲೆ ಬರಲಿಲ್ಲ. 1950ರ ದಶಕದ ಮಧ್ಯದ ಹೊತ್ತಿಗೆ ಫೋರ್ಡ್, ಜನರಲ್ ಮೋಟಾರ್ಸ್ ಕಂಪೆನಿಗಳು ಇಲ್ಲಿನ ಜೋಡಣಾ ಘಟಕಗಳನ್ನು ಮುಚ್ಚಿ ಹೊರಟವು. ಹಿಂದೂಸ್ತಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳಲ್ಲಿ ಪ್ರಯಾಣಿಕ ಕಾರಿನ ಮಾರುಕಟ್ಟೆ ಮುಗಿಯಿತು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾದು ಪಡೆದವನು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವೆಂದು ದೂರುವುದಿರಲಿ, ಕಾರು ಸಿಕ್ಕಿದ್ದೇ ಪುಣ್ಯವೆಂದುಕೊಳ್ಳುತ್ತಿದ್ದ. ಕೊಳ್ಳುವವನಿಗೆ ಬೇರೆ ಅಂಗಡಿಯಿಲ್ಲದಿದ್ದರೆ ಮಾರುವವನಿಗೆ ನಾಚಿಕೆಯೂ ಇರುವುದಿಲ್ಲ. 1955ರಲ್ಲಿ ಭಾರತರತ್ನ ಪಡೆದು, ನೂರು ವರ್ಷ ತುಂಬಿಸಿದ ಎಂ.ವಿ., ತಾವು ಹಾರೈಸಿದ ಉದ್ಯಮ ಹೀಗೆ ಪೈಪೋಟಿಯಿಲ್ಲದೆ ಬೆಳೆಯುತ್ತಿದ್ದ ಕಾಲದಲ್ಲೇ ಕಣ್ಮುಚ್ಚಿದರು.

ಅಮೆರಿಕದಲ್ಲಿ 1965ರಲ್ಲಿ ರಾಲ್ಫ್ ನಾಡರ್ ಕಾರುಗಳ ಅಪಾಯಕಾರಿ ವಿನ್ಯಾಸದ ಬಗ್ಗೆ ಪುಸ್ತಕ ಬರೆದರು. 1966ರಲ್ಲೇ ಅಲ್ಲಿ ವಾಹನ ಸುರಕ್ಷತಾ ಕಾನೂನು ಬಂತು. ನಮ್ಮಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಬಂದದ್ದು 1986ರ ಡಿಸೆಂಬರ್‌ನಲ್ಲಿ. ವಾಹನ ತಯಾರಕರ ಸಂಘ ತಾನಾಗಿ ಒಂದು ಹಿಂಪಡೆಯುವ ಸಂಹಿತೆ ರೂಪಿಸಿಕೊಂಡದ್ದು 2012ರಲ್ಲಿ. ದೋಷವಿರುವ ವಾಹನಗಳನ್ನು ವಾಪಸು ಪಡೆಯುವಂತೆ ತಯಾರಕನಿಗೆ ಆದೇಶಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂದದ್ದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಮಿನಿಂದ. ಅದರ ನಿಯಮಗಳು ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಂದು. ಏಳು ವರ್ಷದೊಳಗಿನ ವಾಹನಗಳಿಗೆ ಇದು ಅನ್ವಯಿಸುತ್ತದೆ. ತಪ್ಪಿದ ತಯಾರಕನಿಗೆ 1 ಕೋಟಿ ರೂಪಾಯಿವರೆಗೆ ದಂಡವಿದೆ. 2020ರ ಜುಲೈನಲ್ಲಿ ಜಾರಿಯಾದ ಹೊಸ ಗ್ರಾಹಕ ರಕ್ಷಣಾ ಕಾಯ್ದೆ, ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನು ಹೊಣೆ ಮಾಡುವ ಅಧ್ಯಾಯವನ್ನೇ ಸೇರಿಸಿದೆ.

ಹಾಗಿದ್ದರೂ ನಿಂಬೆ ಕಾನೂನಿನ ಕೊರತೆ ಉಳಿದೇ ಇದೆ. ಒಂದೇ ದೋಷಕ್ಕೆ ಇಷ್ಟು ಸಲ ದುರಸ್ತಿಯಾದರೂ ಸರಿಹೋಗದಿದ್ದರೆ ಕಾರನ್ನೇ ಬದಲಿಸಿಕೊಡಬೇಕು ಎಂಬ ಖಚಿತ ನಿಯಮ ನಮ್ಮಲ್ಲಿಲ್ಲ. ವಾರಂಟಿಯಲ್ಲಿ ಬಿಡಿಭಾಗ ಬದಲಿಸುವ ಮಾತಷ್ಟೇ ಇದ್ದರೆ, ಇಡೀ ಕಾರನ್ನು ಬದಲಿಸುವಂತೆ ಆದೇಶಿಸಲಾಗದೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. 2022ರಲ್ಲಿ ಅಪಘಾತದ ವೇಳೆ ಏರ್‌ಬ್ಯಾಗು ತೆರೆದುಕೊಳ್ಳದ ಮತ್ತೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ, ಡಿಕ್ಕಿಯ ವೇಗ ಮತ್ತು ಬಲದ ಲೆಕ್ಕಾಚಾರವನ್ನು ಗ್ರಾಹಕ ಭೌತಶಾಸ್ತ್ರದ ಪಂಡಿತನಂತೆ ಮಾಡಬೇಕೆಂದು ನಿರೀಕ್ಷಿಸಲಾಗದೆಂದು ಅಭಿಪ್ರಾಯಪಟ್ಟು, ಕಾರು ಬದಲಿಸಿಕೊಡುವ ಆದೇಶವನ್ನು ಎತ್ತಿಹಿಡಿಯಿತು. ದಾರಿ ತೆರೆಯುತ್ತಿದೆ, ನಿಜ. ಆದರೆ ಒಬ್ಬೊಬ್ಬ ಗ್ರಾಹಕನೂ ಸುಪ್ರೀಂ ಕೋರ್ಟಿನವರೆಗೆ ನಡೆದು ತನ್ನ ದಾರಿಯನ್ನು ತಾನೇ ಕಡಿದುಕೊಳ್ಳಬೇಕೆಂದರೆ ಅದು ಹಕ್ಕಾಗುವುದಿಲ್ಲ, ಹರಕೆಯಾಗುತ್ತದೆ.

ಇದರ ಬಿಸಿ ಹೆಚ್ಚು ತಟ್ಟುವುದು ಕಮಠಾಣದಂಥ ಊರುಗಳಿಗೆ. ಇಂಥ ಕಡೆ ಎಷ್ಟೋ ಮನೆಗಳ ಮೊದಲ ಕಾರು ಯಾರೋ ಓಡಿಸಿ ಬಿಟ್ಟ ಎರಡನೇ ಕೈಯ ಕಾರು. ದೋಷ ಕಂಡುಬಂದಾಗ ಕಂಪೆನಿ ಕಳಿಸುವ ಪತ್ರ ಹೋಗುವುದು ತನ್ನ ಪುಸ್ತಕದಲ್ಲಿರುವ ಹಳೆಯ ವಿಳಾಸಕ್ಕೆ. ಬೇರೆ ರಾಜ್ಯದಿಂದ ಬಂದು ಕೆಎ 38 ಫಲಕ ಹಾಕಿಕೊಂಡ ಕಾರಿನ ಈಗಿನ ಒಡೆಯನಿಗೆ ಅದು ತಲುಪುವ ಖಾತರಿಯಿಲ್ಲ. ಜೊತೆಗೆ, ಕಡ್ಡಾಯವಾಗಿ ಹಿಂಪಡೆಯುವ ಆದೇಶ ಹೊರಡಬೇಕಾದರೆ ನಿಗದಿತ ಪ್ರಮಾಣದಲ್ಲಿ ದೂರುಗಳು ದಾಖಲಾಗಬೇಕು. ಬ್ರೇಕು ಹಿಡಿಯದಿದ್ದರೆ ರಸ್ತೆಬದಿಯ ಮೆಕ್ಯಾನಿಕ್ಕಿನ ಹತ್ತಿರ ರಿಪೇರಿ ಮಾಡಿಸಿಕೊಂಡು ಹಣೆಬರಹವೆಂದು ಸುಮ್ಮನಾಗುವವನ ದೂರು ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಈಗಿನ ಒಡೆಯನ ವಿಳಾಸ ಸಾರಿಗೆ ಇಲಾಖೆಯಲ್ಲಿದೆ. ನೋಂದಣಿ ವರ್ಗಾವಣೆ, ವಿಮೆ ನವೀಕರಣದ ಹೊತ್ತಿಗೆ ಆ ವಾಹನದ ಮೇಲೆ ಬಾಕಿಯಿರುವ ಹಿಂಪಡೆಯುವ ಸೂಚನೆಯನ್ನು ಕನ್ನಡದಲ್ಲೇ ತಿಳಿಸುವ ವ್ಯವಸ್ಥೆ ಮಾಡುವುದು ಕನ್ನಂಬಾಡಿ ಕಟ್ಟುವಷ್ಟು ಕಷ್ಟದ ಕೆಲಸವಲ್ಲ.

ಓದುಗರೂ ತಿಳಿದಿರಬೇಕಾದ ಸಂಗತಿಗಳಿವೆ. ಹೊಸ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಹೈದರಾಬಾದಿನಲ್ಲಿ ಕೊಂಡಿದ್ದರೂ ಬೀದರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. 50 ಲಕ್ಷ ರೂಪಾಯಿವರೆಗಿನ ಖರೀದಿಯ ತಕರಾರನ್ನು ಅದು ಕೇಳುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಪ್ರಯೋಗಾಲಯದ ಪರೀಕ್ಷೆ ಬೇಕಾದ ಪ್ರಕರಣಗಳನ್ನೂ ಸಾಧ್ಯವಾದಷ್ಟು ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ಇದಕ್ಕೆಲ್ಲ ಆಧಾರ ಕಾಗದ. ಪ್ರತಿ ಸಲ ಗ್ಯಾರೇಜಿಗೆ ಬಿಟ್ಟಾಗ ದೋಷವೇನೆಂದು ಜಾಬ್ ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆಸಿ, ಪ್ರತಿ ಇಟ್ಟುಕೊಳ್ಳಬೇಕು. ಚಾಸಿ ಸಂಖ್ಯೆ ಕೊಟ್ಟು ತಮ್ಮ ವಾಹನದ ಮೇಲೆ ಹಿಂಪಡೆಯುವ ಸೂಚನೆಯಿದೆಯೇ ಎಂದು ಕಂಪೆನಿಯಲ್ಲಿ ವಿಚಾರಿಸಬೇಕು, ಎರಡನೇ ಕೈಯ ಕಾರು ಕೊಳ್ಳುವ ಮೊದಲಂತೂ ಖಂಡಿತವಾಗಿ.

ಎಂ.ವಿ.ಯವರ ಹೆಸರು ಇಂದು ಬೀದರ ಜಿಲ್ಲೆಯಲ್ಲೂ ಇದೆ. ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಹುಡುಗ ಹುಡುಗಿಯರು ಪಡೆಯುವುದು ಅವರ ಹೆಸರಿನ ವಿಶ್ವವಿದ್ಯಾಲಯದ ಪದವಿ. ಅವರ ಜನ್ಮದಿನವಾದ ಸೆಪ್ಟೆಂಬರ್ 15 ದೇಶಕ್ಕೆಲ್ಲ ಇಂಜಿನಿಯರ್‌ಗಳ ದಿನ. ಅಂದು ಭಾವಚಿತ್ರಕ್ಕೆ ಹಾರ ಹಾಕುವ ನಾವು ಅವರ ಕನಸಿನ ಅರ್ಧವನ್ನು ಮಾತ್ರ ಈಡೇರಿಸಿದ್ದೇವೆ. ಕಾರು ತಯಾರಿಸುವುದರಲ್ಲಿ ಭಾರತ ಇಂದು ಜಗತ್ತಿನ ದೊಡ್ಡ ದೇಶಗಳ ಸಾಲಿನಲ್ಲಿದೆ. ಇನ್ನರ್ಧ ಅವರ ಬರಹದಲ್ಲಿಲ್ಲ, ಕೆಲಸದಲ್ಲಿದೆ: ಸಕ್ಕರದ ಬಾವಿಯಲ್ಲಿ, ಖಡಕ್‌ವಾಸ್ಲಾದ ಬಾಗಿಲಿನಲ್ಲಿ, ಮೂಸಿಯ ವರದಿಯಲ್ಲಿ, ಭದ್ರಾವತಿಗೆ ಹಿಂತಿರುಗಿದ ಹೆಜ್ಜೆಯಲ್ಲಿ. ದೋಷವನ್ನು ಒಪ್ಪಿಕೊಂಡು ಸರಿಪಡಿಸುವ ಆ ಗುಣವನ್ನು ಶಾಸನವಾಗಿಸುವ ಕೆಲಸ ಸಂಸತ್ತಿನದು. ಅದಾಗುವವರೆಗೆ ದಸರೆಯ ದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಡುವವರು ಇಡಲಿ; ಮರುದಿನ ಕಾರಿನ ಕಾಗದಪತ್ರಗಳನ್ನೂ ಒಂದು ಸಲ ತೆಗೆದು ಓದಲಿ.